ಸದ್ದಡಗಿಸಿ ನೋಡುವವಳು

ಸಿಟ್ಟು ಕೆಲವರಿಗೆ ಜ್ವರದಂತೆ ಬಂದು ಹೋಗುತ್ತದೆ. ಆಕೆಗೆ ಮಾತ್ರ ಅದು ಬೆನ್ನುಮೂಳೆಯಂತೆ ಸದಾ ಒಳಗಿದ್ದು ಮೈಯನ್ನು ನೆಟ್ಟಗೆ ನಿಲ್ಲಿಸಿತ್ತು. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಗಾಳಿ ಬೆಳಕಿನ ಮಹಡಿಯಾದರೆ, ಡಿವಿಡಿಗಳಿಗೆ ನೆಲಮಾಳಿಗೆಯ ಒಂದು ಕೋಣೆ. ಆ ಕೋಣೆಗೆ ಯಾವ ಚಲನಚಿತ್ರ ಬರಬೇಕು, ಯಾವ ಸಾಕ್ಷ್ಯಚಿತ್ರ ಹೊಸ್ತಿಲಿನಿಂದಲೇ ಹಿಂದಿರುಗಬೇಕು ಎಂಬುದನ್ನು ನೋಡಿ ತೀರ್ಮಾನಿಸುವುದೇ ಆಕೆಯ ಉದ್ಯೋಗ. ಸಹೋದ್ಯೋಗಿಗಳು ಬೆನ್ನ ಹಿಂದೆ ಆಕೆಯನ್ನು 'ಕತ್ತರಿ' ಎನ್ನುತ್ತಿದ್ದರು. ಆಕೆಗೆ ಅದು ಗೊತ್ತಿತ್ತು. ಗೊತ್ತಿದೆಯೆಂಬುದು ಅವರಿಗೂ ತಿಳಿದಿರಲೆಂದು ಮೇಜಿನ ಮೇಲೆ ದರ್ಜಿಯ ದೊಡ್ಡ ಕತ್ತರಿಯೊಂದನ್ನು ಎದ್ದು ಕಾಣುವಂತೆ ಇರಿಸಿಕೊಂಡಿದ್ದಳು.

ಡಿವಿಡಿ ಮಾರುವವರು ಆ ಮೆಟ್ಟಿಲುಗಳನ್ನು ಇಳಿಯುವಾಗಲೇ ಮುಖಕ್ಕೆ ನಗುವನ್ನು ತಂದುಕೊಂಡು ಇಳಿಯುತ್ತಿದ್ದರು. ಅದು ಮೇಲೇರುವಾಗ ಉಳಿದಿರುತ್ತಿದ್ದದ್ದು ಅಪರೂಪ.

"ಮೇಡಂ, ಇದು ಮನೆಮಂದಿಯೆಲ್ಲ ಕೂತು ನೋಡೋ ಪಿಕ್ಚರು. ಎಲ್ಲ ಲೈಬ್ರರಿಯವರೂ ತಗೊಂಡಿದ್ದಾರೆ."

"ಎಲ್ಲರ ಮನೇಲೂ ನೆಗಡಿ ಇದೆ ಅಂತ ನಾನೂ ಒಂದು ತಂದ್ಕೊಳ್ಳಲಾ?"

"ಒಂದ್ಸಲ ನೋಡಿ ಹೇಳಿ ಮೇಡಂ."

"ನೋಡದೆ ಹೇಳೋ ಪೈಕಿ ನಾನಲ್ಲಪ್ಪ. ಇಟ್ಟು ಹೋಗು. ಮುಂದಿನ ವಾರ ಬಂದು ಬೈಸಿಕೋ."

ಕಥಾಚಿತ್ರವಾದರೆ ಆಕೆ ಎಲ್ಲರಂತೆಯೇ ನೋಡುತ್ತಿದ್ದಳು. ಸಾಕ್ಷ್ಯಚಿತ್ರವಾದರೆ ಮಾತ್ರ ಕ್ರಮವೇ ಬೇರೆ. ಮೊದಲನೆಯ ಸಲ ಸದ್ದನ್ನು ಪೂರ್ತಿ ಅಡಗಿಸಿ, ಬರಿಯ ಚಿತ್ರವನ್ನು ಆದಿಯಿಂದ ಅಂತ್ಯದವರೆಗೆ ನೋಡುವಳು. ಎರಡನೆಯ ಸಲ ಸದ್ದು ಸಹಿತ. ಮನುಷ್ಯರ ಮುಖ ಒಂದನ್ನು ಹೇಳುತ್ತ, ಅದರ ಮೇಲೆ ಹರಿಯುವ ನಿರೂಪಕನ ನಯವಾದ ಕಂಠ ಇನ್ನೊಂದನ್ನು ಹೇಳುತ್ತಿದ್ದರೆ, ಆ ಡಿವಿಡಿಯನ್ನು ಪೆಟ್ಟಿಗೆಗೆ ಹಾಕಿ, "ವಾಪಸ್" ಎಂದು ಕಡ್ಡಿ ಮುರಿದಂತೆ ಹೇಳಿಬಿಡುವಳು.

ಈ ಕ್ರಮವನ್ನು ಆಕೆ ಯಾವ ತರಬೇತಿಯಲ್ಲಿಯೂ ಕಲಿತದ್ದಲ್ಲ. ಅದು ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಿಂದ ಮನೆಗೆ ಬಂದ ವಿದ್ಯೆ. ಸಾಲುಸಾಲಾಗಿ ನಿಂತ ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡತೊಡಗಿದರೆ ಅಲ್ಲಿ ಪಕ್ಕದವರ ಕೂಗೂ ಕೇಳಿಸದು. ಆದುದರಿಂದ ಅಲ್ಲಿನವರು ಗಂಟಲನ್ನು ಕೈಬಿಟ್ಟು ತುಟಿಗಳಿಂದಲೇ ಮಾತನಾಡುವುದನ್ನು ರೂಢಿಸಿಕೊಂಡಿದ್ದರು. ಒಂದೊಂದು ಅಕ್ಷರವನ್ನೂ ಬಾಯಿ ತುಂಬ ಬಿಡಿಸಿ, ಸದ್ದು ಮಾತ್ರ ಹೊರಡದಂತೆ ಆಡುವ ಈ ತುಟಿಮಾತಿನಲ್ಲಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಜಗಳವಾಡಬಹುದಿತ್ತು, ಹರಟಬಹುದಿತ್ತು, ಮೇಲಿನವರ ಕಣ್ಣೆದುರಿಗೇ ಮೇಲಿನವರನ್ನು ಬೈಯಬಹುದಿತ್ತು. ಆಕೆಯ ತಂದೆ ಅಲ್ಲಿ ಕೆಟ್ಟ ಮಗ್ಗಗಳನ್ನು ಸರಿಪಡಿಸುವ ಫಿಟ್ಟರ್. ತಾಯಿ ಮಗ್ಗ ನಡೆಸುವವಳು. ಗಿರಣಿಯ ವಸತಿಯಲ್ಲಿ ಅವರ ಮನೆಗೂ ಶೆಡ್ ಮೇಲ್ವಿಚಾರಕನ ಮನೆಗೂ ನಡುವೆ ಒಂದೇ ತೆಳುಗೋಡೆಯಿದ್ದುದರಿಂದ, ಗುಟ್ಟಿನ ಮಾತೆಲ್ಲ ಮನೆಯಲ್ಲಿಯೂ ತುಟಿಯಲ್ಲೇ ನಡೆಯುತ್ತಿತ್ತು. ಆಕೆ ಅದನ್ನು ಅಂಬೆಗಾಲಿನ ವಯಸ್ಸಿಗೇ ಕಲಿತಳು.

ಆ ವಿದ್ಯೆಯಲ್ಲಿ ಒಂದು ಕ್ರೂರವಾದ ಅನುಕೂಲವೂ ಇತ್ತು. ಎದುರಿನವರ ಮಾತು ಬೇಡವಾದರೆ ಮುಖ ತಿರುಗಿಸಿದರಾಯಿತು; ಅಲ್ಲಿಗೆ ಅವರು ಮೂಕರು, ನಾವು ಕಿವುಡರು.

ಆಕೆಯ ತಾಯಿ ಹಾಗೆ ಮುಖ ತಿರುಗಿಸಿದ್ದು ತನ್ನ ತಮ್ಮ ಸತ್ತ ಮೇಲೆ. ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಆ ಹುಡುಗನ ಅಂಗಿಯ ತೋಳು ಮಗ್ಗದ ಬೆಲ್ಟಿಗೆ ಸಿಕ್ಕಿತು. ಬೆಲ್ಟಿನ ಮೇಲೆ ಇರಬೇಕಾಗಿದ್ದ ಕಬ್ಬಿಣದ ಜಾಲರಿ ಆ ದಿನ ಅಲ್ಲಿರಲಿಲ್ಲ. ವಿಚಾರಣೆ ನಡೆಸಿದ ಗಿರಣಿಯವರು, ಜಾಲರಿಯನ್ನು ಬಿಚ್ಚಿದ ಫಿಟ್ಟರನೇ ಅದನ್ನು ಮರಳಿ ಕೂರಿಸಲು ಮರೆತನೆಂದು ತೀರ್ಪಿತ್ತರು. ಫಿಟ್ಟರ್ ಎಂದರೆ ಆಕೆಯ ತಂದೆ. ಆತ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ; ಬಾಯಿಗೆ ಬೀಗ ಹಾಕಿಕೊಂಡ. ತಾಯಿಯೂ ಕೇಳಲಿಲ್ಲ. ಗಂಡಹೆಂಡಿರ ನಡುವೆ ಆಮೇಲೆ ಉಳಿದದ್ದು ಉಪ್ಪು, ಸೀಮೆಎಣ್ಣೆ, ಮಗಳ ಶಾಲೆ ಇಂಥವುಗಳ ಕುರಿತು, ಗೋಡೆಯಾಚೆಗೆ ಕೇಳಿಸಿದರೂ ನಡೆಯುವಂಥ ಮಾತುಗಳು ಮಾತ್ರ. ತುಟಿಮಾತು ಆ ಮನೆಯಲ್ಲಿ ಸತ್ತುಹೋಯಿತು. ಕಾಲಕ್ರಮದಲ್ಲಿ ಗಿರಣಿ ಮುಚ್ಚಿತು. ತಂದೆಯೂ ಭಾಮೈದನನ್ನು ಕೊಂದವನೆಂಬ ಹೆಸರನ್ನು ಹೊತ್ತೇ ತೀರಿಕೊಂಡ. ಮಗಳ ಸಿಟ್ಟಿನ ಬೇರು ಎಲ್ಲಿದೆಯೆಂದು ಯಾರಾದರೂ ಅಗೆದು ನೋಡಿದ್ದರೆ, ಆ ಮನೆಯ ಮೌನವೇ ಕೈಗೆ ಸಿಕ್ಕುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಗ್ರಂಥಾಲಯದ ಮುಖ್ಯಸ್ಥರು ಸ್ವತಃ ನೆಲಮಾಳಿಗೆಗೆ ಇಳಿದುಬಂದರು. ಮೃದು ಸ್ವಭಾವದ ಮನುಷ್ಯ. ಯಾರಿಗೂ ಇಲ್ಲವೆನ್ನಲಾರದೆ, ಎಲ್ಲರಿಗೂ ಹೌದೆಂದು ಹೇಳಿ, ಕೊನೆಗೆ ಯಾರ ಕಣ್ಣಿಗೂ ಬೀಳದಂತೆ ಓಡಾಡುತ್ತಿದ್ದವರು. ಕೈಯಲ್ಲಿ ಹೊಳೆಯುವ ಹೊದಿಕೆಯ ಒಂದು ಡಿವಿಡಿ.

"ನಮ್ಮೂರ ಗಿರಣಿ ಬಗ್ಗೆ ಡಾಕ್ಯುಮೆಂಟರಿ, ಮೇಡಂ. ಧಣಿಗಳ ಮನೆಯವರೇ ಮಾಡಿಸಿದ್ದು. ಗಿರಣಿ ನಡೀತಿದ್ದ ಕಾಲದ ಹಳೇ ಫಿಲ್ಮೂ ಇದೆಯಂತೆ. ನಮ್ಮ ಎಲ್ಲ ಶಾಖೆಗೂ ಒಂದೊಂದು ಪ್ರತಿ ತಗೊಳ್ಳೋಣ."

"ನೋಡ್ತೀನಿ, ಸರ್."

"ನೋಡೋದೇನು ಬಂತು? ನೀವೂ ಗಿರಣಿ ಮಕ್ಕಳೇ ಅಲ್ವಾ, ಖುಷಿ ಆಗುತ್ತೆ. ಈ ಕಟ್ಟಡದ ಜಾಗ ಕೂಡ ಅವರದೇ ದಾನ."

"ಜಾಗ ಅವರದು ಸರ್. ಕಣ್ಣು ನಂದು."

ಮುಖ್ಯಸ್ಥರು ನಕ್ಕರು. ಆಕೆ ತಮಾಷೆ ಮಾಡುತ್ತಿದ್ದಾಳೆಂದು ನಂಬಲು ಅವರಿಗೆ ಯಾವಾಗಲೂ ಬಲು ಇಷ್ಟ.

ಬಾಗಿಲು ಮುಚ್ಚಿ, ಸದ್ದಡಗಿಸಿ, ಆಕೆ ನೋಡತೊಡಗಿದಳು. ಗೇಟು, ಹೊಗೆಗೊಳವೆ, ಹತ್ತಿಯ ಹೊರೆಗಳು, ಧಣಿಗಳ ಭಾವಚಿತ್ರ. ಬಳಿಕ ಶೆಡ್ಡಿನ ಒಳಭಾಗ: ಹಳೆಯ ಫಿಲ್ಮಿನ ಮಾಸಿದ ಬಣ್ಣ, ಗಾಳಿಯಲ್ಲಿ ಹಾರುವ ಹತ್ತಿಯ ಧೂಳು. ಕ್ಯಾಮೆರಾದ ಹತ್ತಿರವೇ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಮಂಜುಮಂಜಾಗಿ ಕಾಣುತ್ತ ಮಗ್ಗದ ಮೇಲೆ ಬಗ್ಗುತ್ತಿದ್ದಳು, ಏಳುತ್ತಿದ್ದಳು. ಆ ಹೆಂಗಸಿನ ಹಿಂದೆ, ಸ್ಪಷ್ಟವಾಗಿ, ಸ್ಪ್ಯಾನರು ಹಿಡಿದು ನಿಂತಿದ್ದವನು ಅಪ್ಪ.

ಕುರ್ಚಿ ತಾನಾಗಿಯೇ ಹಿಂದಕ್ಕೆ ಸರಿಯಿತು. ಅಪ್ಪನ ಓಡಾಡುವ ಚಿತ್ರ ಜಗತ್ತಿನಲ್ಲಿ ಇದೆಯೆಂಬುದೇ ಆಕೆಗೆ ಗೊತ್ತಿರಲಿಲ್ಲ. ಅಪ್ಪನ ತುಟಿಗಳು ಅಲುಗುತ್ತಿದ್ದವು. ಆಕೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ತಿರುಗು" ಎನ್ನುತ್ತಿದ್ದ. ಮುಂದಿದ್ದ ಹೆಂಗಸಿನ ತಲೆ ಏಳುತ್ತಲೇ ಬಾಯಿ ಮರೆಯಾಯಿತು. ಮತ್ತೆ ಕಂಡಾಗ "ಜಾಲರಿ". ಮತ್ತೆ ಮರೆ. "ನಿನ್ನ ತಮ್ಮ." ಮರೆ. "ತಿರುಗು, ಒಂದ್ಸಲ ತಿರುಗು."

ಬಹಳ ವರ್ಷ ಬಳಸದ ವಿದ್ಯೆ; ಪೂರ್ತಿ ಓದಲಾಗಲಿಲ್ಲ. ಅದೇ ಭಾಗಕ್ಕೆ ಹಿಂದಿರುಗಿ, ಈ ಸಲ ಸದ್ದನ್ನು ಏರಿಸಿದಳು. ಮಗ್ಗಗಳ ಅಬ್ಬರವಿಲ್ಲ, ಅದರ ಜಾಗದಲ್ಲಿ ಕೊಳಲಿನ ಇಂಪು. ಅಪ್ಪನ ಮುಖದ ಮೇಲೆ ಜೇನು ಸವರಿದಂಥ ಕಂಠವೊಂದು ಹರಿಯಿತು: "ಕಾರ್ಮಿಕರನ್ನು ಮಕ್ಕಳಂತೆ ಕಂಡ ಈ ಗಿರಣಿಯ ಸುದೀರ್ಘ ಇತಿಹಾಸದಲ್ಲಿ ಸಂಭವಿಸಿದ್ದು ಒಂದೇ ಒಂದು ಅವಘಡ. ಅದೂ ಒಬ್ಬ ಕೆಲಸಗಾರನ ಮರೆವಿನಿಂದ."

ಆಕೆಯ ಮೈಯೆಲ್ಲ ಹೊತ್ತಿ ಉರಿಯಿತು. ಮುಖ ಯಾರದೆಂದು ಚಿತ್ರ ಮಾಡಿದವರಿಗೆ ಗೊತ್ತಿತ್ತೋ, ಇಲ್ಲವೆ ಕೈಗೆ ಸಿಕ್ಕಿದ ಮುಖವನ್ನು ಅಂಟಿಸಿದರೋ? ಗೊತ್ತಿದ್ದು ಮಾಡಿದ್ದರೆ ದ್ರೋಹ. ಗೊತ್ತಿಲ್ಲದೆ ಮಾಡಿದ್ದರೆ ಅದಕ್ಕೂ ಹೀನವಾದ ಉಡಾಫೆ. ಸಾಯುವ ತನಕ ಆತನ ಬೆನ್ನಿಗಿದ್ದ ಆರೋಪವನ್ನು ಸತ್ತ ಮೇಲೆ ಹಣೆಗೆ ಹಚ್ಚಿ, ಕೊಳಲು ಊದಿಸಿ, ಹೊಳೆಯುವ ಹೊದಿಕೆ ಹಾಕಿ, ಈಗ ಆತನ ಮಗಳ ಕೈಯಿಂದಲೇ ಊರೂರಿನ ಶಾಖೆಗೆ ಹಂಚಿಸಹೊರಟಿದ್ದರು!

ಮೆಟ್ಟಿಲುಗಳನ್ನು ದಡದಡನೆ ಏರಿ ಮುಖ್ಯಸ್ಥರ ಮೇಜಿನ ಮೇಲೆ ಡಿವಿಡಿಯನ್ನು ಕುಕ್ಕಿದಳು.

"ವಾಪಸ್."

"ಏನಾಯ್ತು ಮೇಡಂ?"

"ಸುಳ್ಳು ಇದೆ."

"ಸ್ವಲ್ಪ ಎಣ್ಣೆ ಬೆಣ್ಣೆ ಇರುತ್ತೆ. ಯಾವ ಡಾಕ್ಯುಮೆಂಟರೀಲಿ ಇರಲ್ಲ?"

"ಎಣ್ಣೆ ಬೆಣ್ಣೆ ಅಲ್ಲ ಸರ್, ನಮ್ಮಪ್ಪನ ಮುಖ. ಅದರ ಮೇಲೆ ಉಗುಳಿದ್ದಾರೆ. ಅದನ್ನ ನಾನು ಆಯ್ಕೆ ಮಾಡಿ, ನಾನೇ ಶೆಲ್ಫಿಗೆ ಜೋಡಿಸಬೇಕಾ?"

ಮುಖ್ಯಸ್ಥರ ಮುಖ ಬಾಡಿತು. ಅವರು ಕೆಟ್ಟವರಲ್ಲವೆಂಬುದೇ ಆಕೆಯ ಸಿಟ್ಟಿಗೆ ತುಪ್ಪ ಸುರಿಯುತ್ತಿತ್ತು. ಕೆಟ್ಟವರಾಗಿದ್ದರೆ ಒಂದೇ ಸಲ ಬೈದು ಮುಗಿಸಬಹುದಿತ್ತು. "ನಾಳೆ ಮಾತಾಡೋಣ. ಬೇಡ ಅಂದ್ರೆ ಕಾರಣ ಹೇಳಬೇಕಾಗುತ್ತೆ. 'ನಮ್ಮಪ್ಪ' ಅಂದ್ರೆ ಧಣಿಗಳು ಅದನ್ನ ಕಾರಣ ಅಂತಾರಾ?" ಎಂದರು.

ಆ ಮಾತು ಆಕೆಗೆ ಚುಚ್ಚಿತು. ಏಕೆಂದರೆ ಅದು ನಿಜವಾಗಿತ್ತು. ಅಪ್ಪ ಏನು ಹೇಳುತ್ತಿದ್ದನೆಂಬುದು ಪೂರ್ತಿ ತಿಳಿಯದೆ ಆಕೆಯ ಬಳಿ ಇದ್ದದ್ದು ಬರಿಯ ನೋವು. ಅದನ್ನು ಪೂರ್ತಿ ಓದಬಲ್ಲವಳು ಒಬ್ಬಳೇ. ಸಂಜೆ ಡಿವಿಡಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ನಡೆದಳು.

ತಾಯಿ ಕಿಟಕಿಯ ಬಳಿ ಹಳೆಯ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಮಗ್ಗಗಳ ಗದ್ದಲ ಅವಳ ಕಿವಿಯನ್ನು ಅಂದೇ ಅರ್ಧ ತಿಂದುಹಾಕಿತ್ತು. ಕಣ್ಣು ಮಾತ್ರ ಸೂಜಿಯಷ್ಟೇ ಚುರುಕು.

"ಯಾರ ಮೇಲೆ ಇವತ್ತು?" ಎಂದಳು, ಮಗಳ ಮುಖ ನೋಡಿದೊಡನೆ.

"ಎಲ್ಲರ ಮೇಲೂ. ನಿನ್ನ ಮೇಲೂ."

"ಸರಿ ಬಿಡು, ನನ್ನ ಸರದಿ ಬರದೆ ವಾರ ಆಗಿತ್ತು."

"ಅಮ್ಮ, ಒಂದು ತೋರಿಸ್ತೀನಿ. ಓದಿ ಹೇಳು." ಈ ಕೊನೆಯ ಎರಡು ಪದಗಳನ್ನು ಆಕೆ ಸದ್ದಿಲ್ಲದೆ, ತುಟಿಯಲ್ಲೇ ಆಡಿದಳು. ತಾಯಿಯ ಕೈಯಲ್ಲಿದ್ದ ಸೂಜಿ ನಿಂತಿತು.

ಪರದೆಯಲ್ಲಿ ಗಂಡ ಕಾಣಿಸಿದಾಗ ತಾಯಿ ದಿಂಬಿನ ಚೀಲವನ್ನು ಪಕ್ಕಕ್ಕಿಟ್ಟಳು. ಚಿತ್ರ ಮುಗಿಯಿತು; ಬೆರಳಿನಿಂದಲೇ 'ಮತ್ತೆ' ಎಂದಳು. ಮತ್ತೆ ಮುಗಿಯಿತು. ಆಗ ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಮುಂದಿದ್ದ ಮಂಜುಮಂಜಾದ ಹೆಂಗಸನ್ನು.

"ಆ ತಲೆ ಯಾರದು ಗೊತ್ತೇನೇ ನಿಂಗೆ?"

"ಯಾರದೋ. ಅದರ ಕಾಟಕ್ಕೇ ಅರ್ಧ ಓದೋಕಾಗಿಲ್ಲ ನನಗೆ."

"ಆ ಹಾಳು ತಲೆ ನಂದೇ."

ಮುಂದುಗಡೆ ಅಮ್ಮ, ಹಿಂದುಗಡೆ ಅಪ್ಪ. ಇಬ್ಬರ ಮುಖವೂ ಕ್ಯಾಮೆರಾದ ಕಡೆಗೆ. ಕ್ಯಾಮೆರಾಕ್ಕೆ ಇಬ್ಬರೂ ಕಂಡಿದ್ದರು. ಅಮ್ಮನಿಗೆ ಮಾತ್ರ ಅಪ್ಪ ಕಂಡಿರಲಿಲ್ಲ. ಮೇಲ್ವಿಚಾರಕನ ಗೋಡೆಯಿಲ್ಲದ, ಸದ್ದು ಎಲ್ಲವನ್ನೂ ಮುಚ್ಚಿಡುವ ಆ ಒಂದೇ ಜಾಗದಲ್ಲಿ ನಿಂತು, ಆತ ಹೆಂಡತಿಯ ಬೆನ್ನಿಗೆ ಮೊರೆಯಿಡುತ್ತಿದ್ದ. ಕಿವುಡು ಬೆನ್ನಿಗೆ ಹೇಳಬೇಕಾದುದರಿಂದ ಆಡಿದ್ದನ್ನೇ ಮತ್ತೆ ಮತ್ತೆ ಆಡಿದ್ದ. ಹಾಗಾಗಿ ಒಮ್ಮೆ ತಲೆ ಮರೆಮಾಡಿದ್ದು ಇನ್ನೊಮ್ಮೆ ಕಂಡುಬರುತ್ತಿತ್ತು. ತಾಯಿ ಚೂರುಗಳನ್ನು ಎತ್ತಿ ಎತ್ತಿ ಜೋಡಿಸಿದಳು. ಅಮ್ಮ ತನಗೆ ಬೇಕಾದುದನ್ನೇ ಓದುತ್ತಿರಬಹುದೇ ಎಂಬ ಸಂಶಯ ಮಗಳಿಗೆ ಬಂದಿತು. ಪ್ರತಿ ಪದಕ್ಕೂ ಚಿತ್ರವನ್ನು ನಿಲ್ಲಿಸಿ ತಾನೂ ತುಟಿಯನ್ನು ಅಳೆದಳು. ಸಂಶಯಕ್ಕೆ ಎಡೆಯಿರಲಿಲ್ಲ.

"ಜಾಲರಿ ನಾನು ತೆಗ್ದಿದ್ದಲ್ಲ. ಮ್ಯಾನೇಜರ್ ತೆಗೆಸಿದ್ದು, ಕೆಲಸ ಬೇಗ ಆಗ್ಲಿ ಅಂತ. ಹಾಕ್ತೀನಿ ಅಂದೆ, ಬೇಡ ಅಂದ. ಬಾಯಿ ಬಿಟ್ರೆ ಮನೇನೂ ಇಲ್ಲ, ಕೆಲಸಾನೂ ಇಲ್ಲ ಅಂದ. ನಿನ್ನ ತಮ್ಮನ ಮೇಲಾಣೆ. ತಿರುಗು. ಒಂದ್ಸಲ ತಿರುಗು."

ತಾಯಿ ಅಳುವಳೆಂದು ಮಗಳು ಎಣಿಸಿದ್ದಳು. ತಾಯಿ ಎದ್ದು, ಪರದೆಯ ಮೇಲೆ ಸ್ಪ್ಯಾನರು ಹಿಡಿದು ನಿಂತವನ ಮುಂದೆ ಸೊಂಟಕ್ಕೆ ಕೈಯಿಟ್ಟಳು.

"ತಿರುಗು ತಿರುಗು ಅಂತ ಅಲ್ಲೇ ನಿಂತಿದ್ದೀರಲ್ಲ, ನಾಲ್ಕು ಹೆಜ್ಜೆ ಹತ್ತಿರ ಬಂದು ಹೆಗಲು ಹಿಡಿದು ತಿರುಗಿಸೋಕೆ ಏನು ಧಾಡಿಯಾಗಿತ್ತು ನಿಮಗೆ? ನಾನೇನು ಕಚ್ತಿದ್ನಾ?" ಎಂದು ಕೂಗಿದಳು. ಬಳಿಕ ದನಿ ತಗ್ಗಿತು. "ಕಚ್ತಿದ್ದೆ. ಆಗ ಕಚ್ತಿದ್ದೆ."

ಮಗಳಿಗೆ ಅಮ್ಮನ ಮೇಲೆ ಹರಿಹಾಯಬೇಕೆನಿಸಿತು. ಒಂದು ಮನೆಯಲ್ಲಿ ಒಂದೇ ಒಲೆಯ ಮುಂದೆ ಅಷ್ಟು ವರ್ಷ ಕೂತೂ ಒಮ್ಮೆ ಕತ್ತೆತ್ತಿ ಕೇಳದ ಆ ಹಟದ ಮೇಲೆ. ಆದರೆ ತಾಯಿಯೇ ತನ್ನ ಮೇಲೆ ಅಷ್ಟು ಸಿಟ್ಟಾಗಿರುವಾಗ ಮಗಳ ಸಿಟ್ಟಿಗೆ ಅಲ್ಲಿ ಕೂರಲು ಜಾಗವಿರಲಿಲ್ಲ.

"ನಾಳೆ ಇದನ್ನ ವಾಪಸ್ ಕಳಿಸ್ತೀನಿ," ಎಂದಳು.

"ಕಳಿಸ್ತೀಯಾ? ನಿಮ್ಮಪ್ಪ ಮಾತಾಡಿರೋದು ಇದೊಂದೇ ಸಲ. ಕೊಂಡ್ಕೋ."

"ಸುಳ್ಳನ್ನ ಕೊಂಡ್ಕೊಳ್ಳಲಾ?"

"ಸುಳ್ಳು ಇರೋದು ಅದರ ಕಿವೀಲಿ ಕಣೇ. ಕಣ್ಣಲ್ಲಿ ಇಲ್ವಲ್ಲ. ನಾನು ಆವತ್ತು ನೋಡಲಿಲ್ಲ. ಇವತ್ತು ನೀನೂ ಬೇರೆಯವರಿಗೆ ನೋಡಗೊಡಲ್ಲ ಅಂತೀಯ. ನಿನಗೂ ನನ್ನ ಬೆನ್ನೇ ಬಂದಿದೆ."

ನಿಜವಾದ ಮಾತು ಚುಚ್ಚಿದಾಗ ಮಗಳಿಗೆ ಬರುತ್ತಿದ್ದ ಸಿಟ್ಟು ಎಲ್ಲಕ್ಕಿಂತ ಹೆಚ್ಚಿನದು. ಅದನ್ನೇ ಊರುಗೋಲಾಗಿ ಹಿಡಿದು ಮಾರನೆಯ ದಿನ ಮುಖ್ಯಸ್ಥರ ಮುಂದೆ ನಿಂತಳು.

ಅವರ ಗ್ರಂಥಾಲಯದಲ್ಲಿ ಒಂದು ಪದ್ಧತಿಯಿತ್ತು: ಕೊಳ್ಳಬೇಕೋ ಬೇಡವೋ ಎಂದು ಡೋಲಾಯಮಾನವಾದ ಚಿತ್ರವನ್ನು ಮೊದಲು ಸಭಾಂಗಣದಲ್ಲಿ ಓದುಗರಿಗೆ ತೋರಿಸಿ, ಅವರ ಅಭಿಪ್ರಾಯ ಕೇಳುವುದು. ಇದನ್ನೂ ಹಾಗೆಯೇ ತೋರಿಸೋಣ, ಗಿರಣಿಯಲ್ಲಿ ದುಡಿದವರನ್ನು ಕರೆಸೋಣ ಎಂದಳು. 'ಕತ್ತರಿ' ಬಾಗಿತೆಂದು ಮುಖ್ಯಸ್ಥರು ಹಿಗ್ಗಿಹೋದರು. ಬಾಗಿದ್ದು ಬೇರೆ ಯಾವುದಕ್ಕೋ ಎಂಬುದು ಅವರಿಗೆ ಹೊಳೆಯಲಿಲ್ಲ.

ರಜಾದಿನದ ಮಧ್ಯಾಹ್ನ ಸಭಾಂಗಣ ತುಂಬಿತು. ಬಂದವರೆಲ್ಲ ಮುದುಕರು, ಮುದುಕಿಯರು. ಅರ್ಧ ಜನಕ್ಕೆ ಕಿವಿ ಮಂದ. ಒಬ್ಬರನ್ನೊಬ್ಬರು ಕಂಡೊಡನೆ ಆ ಕೊನೆಯಿಂದ ಈ ಕೊನೆಗೆ ಸದ್ದಿಲ್ಲದೆ ತುಟಿಗಳು ಹಾರಾಡಿದವು. ಧಣಿಗಳ ಕಡೆಯಿಂದ ಯಾರೂ ಬಂದಿರಲಿಲ್ಲ; ಹೂವಿನ ಗುಚ್ಛವೊಂದನ್ನು ಕಳುಹಿಸಿಕೊಟ್ಟಿದ್ದರು. ಆಕೆ ಅದನ್ನು ಬಾಗಿಲು ಬಡಿದುಕೊಳ್ಳದಿರಲೆಂದು ಅಡ್ಡವಿಟ್ಟಳು. ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

ಚಿತ್ರ ಸದ್ದಿಲ್ಲದೆ ಓಡಿತು. ಮುಖ್ಯಸ್ಥರು ಆಕೆಯ ಕಿವಿಯ ಬಳಿ ಬಗ್ಗಿ, "ಮೇಡಂ, ಸೌಂಡು?" ಎಂದರು.

"ಇವರಿಗೆ ಬೇಡ ಸರ್."

ಅಪ್ಪ ಕಾಣಿಸಿದ. ಸಭೆಯಲ್ಲಿ ಗುಜುಗುಜು ಎದ್ದಿತು. 'ಜಾಲರಿ' ಎಂಬಲ್ಲಿ ಎಲ್ಲರ ಕತ್ತೂ ಮುಂದಕ್ಕೆ ಚಾಚಿತು. ಮುಂದಿದ್ದ ತಲೆ ಎದ್ದು ಬಾಯಿ ಮರೆಯಾಯಿತು. ಆಗ ತಾಯಿ ಎದ್ದು ನಿಂತು ಸಭೆಯ ಕಡೆಗೆ ತಿರುಗಿದಳು. ತನ್ನದೇ ತಲೆ ಅಂದು ಮುಚ್ಚಿದ್ದ ಮಾತನ್ನು ಗಟ್ಟಿಯಾಗಿ, ಬಾಯಿ ತುಂಬ ಬಿಡಿಸಿ, ಗಂಟಲಿನಿಂದಲೂ ತುಟಿಯಿಂದಲೂ ಹೇಳಿದಳು: "ಮ್ಯಾನೇಜರ್ ತೆಗೆಸಿದ್ದು." ತಲೆ ಬಗ್ಗಿತು, ಗಂಡ ಪರದೆಯಿಂದ ಮುಂದುವರಿಸಿದ. ತಲೆ ಎದ್ದಿತು, ಹೆಂಡತಿ ನೆಲದ ಮೇಲಿಂದ ಮುಂದುವರಿಸಿದಳು. ಎಂದೂ ನಡೆಯದೆ ಉಳಿದಿದ್ದ ಆ ಮಾತುಕತೆ ಹೀಗೆ ಊರಿನವರೆದುರಿಗೆ ನಡೆಯಿತು.

ಪರದೆಯ ತುಟಿಮಾತನ್ನು ಓದಲಾರದ ಮುಖ್ಯಸ್ಥರಿಗೆ, ಕಿವಿಗೆ ಬಿದ್ದ ಚೂರುಗಳಿಂದ ಏನೂ ತಿಳಿಯಲಿಲ್ಲ. ಏನೋ ಎಡವಟ್ಟಾಗುತ್ತಿದೆಯೆಂಬುದಷ್ಟೇ ತಿಳಿದು, ಗಾಬರಿಯಿಂದ, ಸರಿಪಡಿಸುವೆನೆಂದುಕೊಂಡು ರಿಮೋಟಿನ ಗುಂಡಿಯೊತ್ತಿದರು. ಕೊಳಲು ಚೀರಿತು, ಜೇನಿನ ಕಂಠ ಸಭಾಂಗಣವನ್ನು ತುಂಬಿತು: "...ಅದೂ ಒಬ್ಬ ಕೆಲಸಗಾರನ ಮರೆವಿನಿಂದ."

ಕಿವಿ ಮಂದವಾದವರಿಗೂ ಅದು ಕೇಳಿಸಿತು. ಒಬ್ಬ ಮುದುಕ ಎದ್ದ. ಅವನ ಹಿಂದೆ ಇಡೀ ಸಾಲು ಎದ್ದಿತು. ಸದ್ದು ಹೊರಡದಂತೆ ಬೈಯುವುದನ್ನೇ ಅಷ್ಟು ಕಾಲ ರೂಢಿಸಿಕೊಂಡಿದ್ದ ಜನ ಆವೊತ್ತು ಗಂಟಲು ಹರಿಯುವಂತೆ ಕೂಗಿದರು.

"ಆಫ್ ಮಾಡ್ರೀ ಅದನ್ನ!"

"ಮರೆವಂತೆ! ಯಾರ ಮರೆವು?"

"ನಮ್ಮ ಸಾಲಿನ ಜಾಲರೀನೂ ಅವನೇ ತೆಗೆಸಿದ್ದ!"

ಮುಖ್ಯಸ್ಥರು ರಿಮೋಟನ್ನು ಕೆಳಗೆ ಬೀಳಿಸಿದರು. ಆಕೆ ಅದನ್ನು ಎತ್ತಿಕೊಂಡು ಸದ್ದನ್ನು ಅಡಗಿಸಿದಳು. ಬದುಕಿನಲ್ಲಿ ಮೊದಲ ಸಲ ಆಕೆಯ ಸಿಟ್ಟು ಒಂಟಿಯಾಗಿರಲಿಲ್ಲ. ಅದರಿಂದ ಅದೇನೂ ತಣ್ಣಗಾಗಲಿಲ್ಲ. ತಾಯಿ ಮಾತ್ರ ಯಾವ ಗದ್ದಲವನ್ನೂ ಲೆಕ್ಕಿಸದೆ ಪರದೆಯ ಕಡೆಗೆ ಮುಖ ಮಾಡಿ ಕುಳಿತು, "ಮತ್ತೆ ಮೊದಲಿಂದ ಹಾಕು," ಎಂದಳು.

ಎಲ್ಲ ಶಾಖೆಗೂ ಹಂಚುವ ಮಾತು ಅಲ್ಲಿಗೆ ನಿಂತಿತು. ನೆಲಮಾಳಿಗೆಯ ಕೋಣೆಗೆ ಒಂದು ಪ್ರತಿಯನ್ನು ಆಕೆಯೇ ಆರಿಸಿ ಕೊಂಡಳು. ಅದರ ಹೊಳೆಯುವ ಹೊದಿಕೆಯ ಮೇಲೆ, ಧಣಿಗಳ ಭಾವಚಿತ್ರಕ್ಕೆ ಅಡ್ಡವಾಗಿ, ಬಿಳಿಯ ಚೀಟಿಯೊಂದನ್ನು ಅಂಟಿಸಿದಳು: "ಮೊದಲು ಸದ್ದಿಲ್ಲದೆ ನೋಡಿ. ತಿಳಿಯದಿದ್ದರೆ ಬಂದು ಕೇಳಿ." ಆ ಚೀಟಿಯನ್ನು ಯಾರೋ ಕಿತ್ತುಹಾಕಿದರು. ಆಕೆ ಇನ್ನೊಂದನ್ನು ಬರೆದು ಅಂಟಿಸಿದಳು. ಅದನ್ನೂ ಕಿತ್ತರು. ಯಾರೆಂದು ಆಕೆ ವಿಚಾರಿಸಲಿಲ್ಲ. ಮುಖ್ಯಸ್ಥರು ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಆಕೆ ಬಡಗಿಯ ಅಂಗಡಿಗೆ ಹೋಗಿ ಮರಕ್ಕೆ ಮರ ಅಂಟಿಸುವ ಅಂಟನ್ನು ತಂದಳು. ಈಗ ಆ ಚೀಟಿಯನ್ನು ಕೀಳಬೇಕಾದರೆ ಧಣಿಗಳ ಮುಖವೂ ಕಿತ್ತುಬರಬೇಕು.